ಬಸುರಿ ನಡಿಗೆ

ಯಾರಾದರೂ ನೋಡುತ್ತಿದ್ದಾರೆ ಅಂದರೆ ನನ್ನ ಕೈ ಓಡುತ್ತದೆ. ಚಿಕ್ಕವಳಿದ್ದಾಗಿನಿಂದಲೂ ಹಾಗೇ. ಟೀಚರು ಬೆನ್ನ ಹಿಂದೆ ಬಂದು ನಿಂತರೆ ಪೆನ್ಸಿಲ್ಲು ತಾನಾಗಿ ಓಡುತ್ತಿತ್ತು, ಬಾಯಿಗೆ ಮಾತ್ರ ಬೀಗ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟೆ. ಹದಿನೆಂಟು ತುಂಬಿದ ವಾರವೇ ಅಮ್ಮನ ಹಿಂದೆ ಸ್ವಿಚ್ ಫ್ಯಾಕ್ಟರಿಗೆ ಬಂದೆ. ಅಲ್ಲಿನ ಹೆಂಗಸರು ಮೂರು ದಿನ ನನ್ನನ್ನು ಮಾತಾಡಿಸಿ ನೋಡಿ, ಸೋತು, 'ಬೀಗ' ಅಂತಲೇ ಹೆಸರಿಟ್ಟರು. ಈಗ ನಾಲ್ಕು ವರ್ಷವಾಯಿತು.

ನಮ್ಮ ಹಾಲಿನಲ್ಲಿ ಎರಡು ಉದ್ದನೆಯ ಮೇಜು, ಇಪ್ಪತ್ತನಾಲ್ಕು ಹೆಂಗಸರು. ಪ್ಲಾಸ್ಟಿಕ್ ಡಬ್ಬಿಯೊಳಗೆ ಎರಡು ಹಿತ್ತಾಳೆ ತುಂಡು ಕೂರಿಸಬೇಕು. ನಡುವೆ ಅಕ್ಕಿಕಾಳಿನಷ್ಟು ಸ್ಪ್ರಿಂಗು ನಿಲ್ಲಿಸಬೇಕು. ಅದು ಹಾರಿಹೋಗುವ ಮೊದಲೇ ಮೇಲೆ ಗುಂಡಿ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಟಕ್ ಅಂದರೆ ಕೂತಿತು ಅಂತ. ದಿನಕ್ಕೆ ಐನೂರು ಟಕ್. ಪಕ್ಕದ ಹಾಲಿನಲ್ಲಿ ಗಂಡಸರು ನಮ್ಮ ಸ್ವಿಚ್ಚುಗಳನ್ನು ಬೋರ್ಡಿಗೆ ಕೂರಿಸಿ ಸ್ಕ್ರೂ ಹಾಕುತ್ತಾರೆ. ಅವರು ಖಾಯಂ, ನಾವು ಕಾಂಟ್ರಾಕ್ಟು. ಅವರ ಕುರ್ಚಿಗೆ ಬೆನ್ನಿದೆ, ನಮ್ಮದು ಸ್ಟೂಲು. ಅವರು ಬಾತ್‌ರೂಮಿಗೆ ಎದ್ದು ಹೋಗುತ್ತಾರೆ. ನಮ್ಮಲ್ಲಿ ಗೋಡೆಯ ಮೊಳೆಗೆ ಒಂದು ತಗಡಿನ ಬಿಲ್ಲೆ ನೇತು ಹಾಕಿದೆ; ಇಪ್ಪತ್ತನಾಲ್ಕು ಜನಕ್ಕೆ ಒಂದೇ ಬಿಲ್ಲೆ, ಅದು ಕೈಗೆ ಸಿಕ್ಕವಳು ಹೋಗಬಹುದು.

ಆರಾರು ತಿಂಗಳಿಗೊಮ್ಮೆ ನಮಗೆ ಹೊಸ ಚೀಟಿ ಕೊಡುತ್ತಾರೆ. ಚೀಟಿ ಸಿಕ್ಕರೆ ಇನ್ನಾರು ತಿಂಗಳು ಕೆಲಸ, ಸಿಗದಿದ್ದರೆ ನಾಳೆಯಿಂದ ಬರಬೇಡ. ಹನ್ನೊಂದು ವರ್ಷದಲ್ಲಿ ಅಮ್ಮ ಇಪ್ಪತ್ತೆರಡು ಚೀಟಿ ತೆಗೆದುಕೊಂಡಿದ್ದಾಳೆ. ಪ್ರತಿ ಚೀಟಿಯಲ್ಲೂ 'ಹೊಸದಾಗಿ ಸೇರಿದವರು' ಅಂತಲೇ ಬರೆದಿರುತ್ತದೆ.

ಪಕ್ಕದ ಹಾಲಿನಲ್ಲಿ ನನ್ನ ಸೋದರಮಾವ ಇದ್ದಾನೆ, ಅಮ್ಮನ ತಮ್ಮ. ಅವನನ್ನು ಸೇರಿಸಿದ್ದೇ ಅಮ್ಮ. ಆಗ ಅವನಿಗೆ ಸ್ಕ್ರೂಡ್ರೈವರ್ ಹಿಡಿಯಲು ಬರುತ್ತಿರಲಿಲ್ಲ. ಅಮ್ಮ ಮನೆಯಲ್ಲಿ ಹಳೇ ಬೋರ್ಡು ಇಟ್ಟುಕೊಂಡು ಒಂದು ವಾರ ಕಲಿಸಿದಳು. ಅವನು ಸೇರಿದ್ದೇ ಖಾಯಂ ಆಗಿ. "ಗಂಡಸಲ್ವಾ, ನಾಳೆ ಸಂಸಾರ ಅಂತ ಆಗುತ್ತಲ್ಲ" ಅಂತ ಸೂಪರ್‌ವೈಸರು ಅಮ್ಮನಿಗೆ ವಿವರಿಸಿದ್ದನಂತೆ. ಅಪ್ಪ ತೀರಿಹೋದ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದ್ದು ಸಂಸಾರ ಅಲ್ಲವೋ ಏನೋ. ಅಮ್ಮ ಕೇಳಲಿಲ್ಲ. ತಮ್ಮನಿಗೆ ಆಯಿತಲ್ಲ ಅಂತ ಖುಷಿಪಟ್ಟಳು.

ವರ್ಷಕ್ಕೊಮ್ಮೆ ಗಡಿಯಾರದವನು ಬರುತ್ತಾನೆ. ಸಣ್ಣಗೆ, ಉದ್ದಕ್ಕೆ ಇದ್ದಾನೆ, ಕುತ್ತಿಗೆಗೆ ದಾರದಲ್ಲಿ ಸ್ಟಾಪ್‌ವಾಚ್ ನೇತಾಡುತ್ತಿರುತ್ತದೆ. ನಮ್ಮ ಬಾಯಲ್ಲಿ ಅವನು 'ಮುಳ್ಳು'. ಯಾರಾದರೊಬ್ಬಳ ಪಕ್ಕ ನಿಂತು, ಹತ್ತು ಸ್ವಿಚ್ಚಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುತ್ತಾನೆ. ಅದರಿಂದಲೇ ದಿನದ ರೇಟು, ಅಂದರೆ ಒಬ್ಬೊಬ್ಬಳು ದಿನಕ್ಕೆ ಎಷ್ಟು ಮಾಡಬೇಕು ಅನ್ನುವುದು.

ಅವನು ಬಾಗಿಲಲ್ಲಿ ಕಂಡ ತಕ್ಷಣ ಸ್ಪ್ರಿಂಗಕ್ಕ ಕೂಗುತ್ತಿದ್ದಳು: "ಅಯ್ಯೋ, ಸೊಂಟ ನೋವು ಕಣ್ರೇ!" ಸ್ಪ್ರಿಂಗಕ್ಕ ನಮ್ಮ ಮೇಜಿನ ಬಾಯಿ. ಕೂತಲ್ಲಿ ಕೂರದೆ ಪುಟಿಯುತ್ತಾಳೆ ಅಂತ ಆ ಹೆಸರು. ಅವಳ ಸೊಂಟ ನೋವು ಕೇಳಿಸಿದ್ದೇ ಎಲ್ಲರೂ ಬಸುರಿ ನಡಿಗೆಗೆ ಇಳಿಯುತ್ತಿದ್ದರು. ಏಳು ತಿಂಗಳ ಬಸುರಿ ಮೆಟ್ಟಿಲು ಹತ್ತಿದ ಹಾಗೆ ಕೆಲಸ. ನಿಂತ ಹಾಗೂ ಕಾಣಬಾರದು, ಓಡಿದ ಹಾಗೂ ಕಾಣಬಾರದು. ಇದನ್ನು ಕಂಡುಹಿಡಿದವಳು ಅಮ್ಮ. ನೋಡುವವರ ಕಣ್ಣಿಗೆ ಕೈ ಬಿಡುವಿಲ್ಲದೆ ಆಡುತ್ತಿರುತ್ತದೆ, ಹತ್ತು ಸ್ವಿಚ್ಚು ಮುಗಿಯುವಷ್ಟರಲ್ಲಿ ಒಂಬತ್ತು ನಿಮಿಷ. ಒಂಬತ್ತು ನಿಮಿಷ ಅಂದರೆ ದಿನಕ್ಕೆ ಐನೂರು. ಐನೂರನ್ನು ನಮ್ಮಲ್ಲಿ ಯಾರು ಬೇಕಾದರೂ ಮುಟ್ಟುತ್ತಾರೆ, ಜ್ವರ ಬಂದವಳೂ ಮುಟ್ಟುತ್ತಾಳೆ.

ನನಗೆ ಮಾತ್ರ ಬಸುರಿ ನಡಿಗೆ ಬರುತ್ತಿರಲಿಲ್ಲ. ಮುಳ್ಳು ಬಂದ ದಿನ ನನ್ನನ್ನು ಸ್ಟೋರಿಗೆ ಸ್ಪ್ರಿಂಗು ತರಲು ಓಡಿಸುತ್ತಿದ್ದರು.

ಈ ವರ್ಷ ಅವನು ಗಡಿಯಾರ ಹಾಕಿಕೊಂಡು ಬರಲೇ ಇಲ್ಲ. ತಿಂಗಳ ಮೊದಲ ದಿನ ಬೆಳಿಗ್ಗೆ ಸೂಪರ್‌ವೈಸರು ನನ್ನ ಸ್ಟೂಲಿನ ಹತ್ತಿರ ಬಂದ. "ಬೀಗ, ಬಾಮ್ಮ ಇಲ್ಲಿ. ಹೊಸ ಪಾರ್ಟಿಗೆ ಸ್ಯಾಂಪಲ್ ಕಳಿಸ್ಬೇಕು. ಹತ್ತು ಸ್ವಿಚ್ ನೀಟಾಗಿ ಮಾಡ್ಕೊಡು."

ಆಫೀಸಿನ ಪಕ್ಕ ಒಂದು ಗಾಜಿನ ಕೋಣೆ. ಒಳಗೆ ಒಂದು ಮೇಜು, ಬೆನ್ನಿರುವ ಒಂದು ಕುರ್ಚಿ. ಫ್ಯಾಕ್ಟರಿಯಲ್ಲಿ ಅಂಥ ಕುರ್ಚಿಯ ಮೇಲೆ ನಾನು ಕೂತದ್ದು ಅದೇ ಮೊದಲು. ಮುಳ್ಳು ಗೋಡೆಗೊರಗಿ ನಿಂತಿದ್ದ, ಕುತ್ತಿಗೆಯಲ್ಲಿ ಏನೂ ಇರಲಿಲ್ಲ. ಮೇಜಿನ ಮೇಲೆ ಒಂದು ಮೊಬೈಲು ಕವುಚಿ ಬಿದ್ದಿತ್ತು. ಅದನ್ನೂ ನೋಡಿದೆ. ಎಲ್ಲವನ್ನೂ ನೋಡುವ ಚಾಳಿ ನನ್ನದು. ನೋಡಿದ್ದು ತಲೆಗೆ ಹೊಳೆಯಲಿಲ್ಲ, ಅಷ್ಟೇ. ಇಬ್ಬರು ಗಂಡಸರು ನನ್ನ ಬೆರಳನ್ನೇ ನೋಡುತ್ತ ನಿಂತರು. ಕೈ ಓಡಿತು.

ಹತ್ತನೆಯದು ಟಕ್ ಅಂದಾಗ ಮುಳ್ಳು ಮೊಬೈಲು ಎತ್ತಿ ನೋಡಿದ. "ಭೇಷ್! ಕೈ ಅಂದ್ರೆ ಇದು ಕೈ" ಅಂದ.

ನಾಲ್ಕು ವರ್ಷದಲ್ಲಿ ನನ್ನ ಕೆಲಸವನ್ನು ಯಾರೂ ಹೊಗಳಿರಲಿಲ್ಲ. ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಖುಷಿಯಾದದ್ದು ನಿಜ. ಸ್ಟೂಲಿಗೆ ವಾಪಸ್ಸು ಬಂದು ಅಮ್ಮನ ಕಿವಿಯಲ್ಲಿ ಹೇಳಿಯೂ ಹೇಳಿದೆ. ಅಮ್ಮನ ಕೈ ಅರ್ಧದಲ್ಲಿ ನಿಂತಿತು.

"ಗಡಿಯಾರ ಇತ್ತಾ?"

"ಇಲ್ಲ. ಮೊಬೈಲ್ ಇತ್ತು, ಕವುಚಿ ಇಟ್ಟಿದ್ರು."

ಸಂಜೆ ಗೇಟಿನ ಬೋರ್ಡಿನಲ್ಲಿ ಕಾಗದ ಅಂಟಿತ್ತು. ಹತ್ತಕ್ಕೆ ಏಳು ನಿಮಿಷ. ದಿನಕ್ಕೆ ಆರುನೂರ ನಲವತ್ತು. ಈ ತಿಂಗಳ ಕೊನೆಯ ಹೊತ್ತಿಗೆ ಇಷ್ಟು ಮುಟ್ಟದವರಿಗೆ ಮುಂದಿನ ಚೀಟಿ ಇಲ್ಲ.

ಎಲ್ಲರೂ ಕಾಗದ ಓದಿದೆವು. ಆಮೇಲೆ ಸ್ಪ್ರಿಂಗಕ್ಕ ನನ್ನ ಕಡೆ ತಿರುಗಿದಳು. "ಬಾಯಿಗೆ ಹಾಕ್ಕೊಂಡಿದ್ದೀಯಲ್ಲ, ಅಂಥದ್ದೇ ಒಂದು ಕೈಗೂ ಹಾಕ್ಕೋಬಾರ್ದಿತ್ತೇನೇ?"

"ಕುರ್ಚಿ ಮೆತ್ತಗಿತ್ತೇನಮ್ಮ?" ಅಂದಳು ಇನ್ನೊಬ್ಬಳು.

"ಬಿಡ್ರೇ" ಅಂದಳು ಅಮ್ಮ. "ಮೊಬೈಲ್ ಕವುಚಿಟ್ರೆ ನಿಮಗೆ ತಾನೇ ಗೊತ್ತಾಗ್ತಿತ್ತಾ?"

"ನಮ್ಮನ್ನ ಕರೀಲೇ ಇಲ್ವಲ್ಲ. ಅವರಿಗೂ ಗೊತ್ತು, ಯಾವ ಕೋಳಿ ಕತ್ತು ಕೊಡುತ್ತೆ ಅಂತ."

ಅಮ್ಮನ ಬಲಗೈ ಹೆಬ್ಬೆರಳಿನ ಗೆಣ್ಣು ಎರಡು ವರ್ಷದಿಂದ ಊದಿಕೊಂಡಿದೆ, ನೆಲ್ಲಿಕಾಯಿ ಗಾತ್ರಕ್ಕೆ. ಐನೂರಕ್ಕೇನೋ ಅದು ಒಗ್ಗಿಕೊಂಡಿತ್ತು. ಮೊದಲ ದಿನ ಹಲ್ಲು ಕಚ್ಚಿ ಐನೂರ ಎಪ್ಪತ್ತು ಮಾಡಿದಳು. ಎರಡನೇ ದಿನ ಐನೂರ ನಲವತ್ತು, ಮೂರನೇ ದಿನ ಐನೂರ ಹತ್ತು. ಮೊಳೆಯ ಮೇಲಿನ ಬಿಲ್ಲೆಯನ್ನು ಈಗ ಯಾರೂ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಿದ್ದರು.

ನನ್ನದು ಆರುನೂರ ಐವತ್ತಾಗುತ್ತಿತ್ತು. ಒಂದು ಮಧ್ಯಾಹ್ನ ನನ್ನ ಟ್ರೇಯಿಂದ ಎರಡು ಹಿಡಿ ತೆಗೆದು ಅಮ್ಮನ ಟ್ರೇಗೆ ಸುರಿದೆ. ಮೇಜಿನ ಕೆಳಗೆ ಅಮ್ಮನ ಕಾಲು ನನ್ನ ಕಾಲನ್ನು ತುಳಿಯಿತು.

"ತೆಗಿ. ಈಗ್ಲೇ ತೆಗಿ. ನಿಂದೂ ಕಮ್ಮಿ ಆದ್ರೆ ಇಬ್ರೂ ಮನೇಲಿ ಕೂತು ಮುಖ ಮುಖ ನೋಡ್ಕೋಬೇಕು."

ತೆಗೆದೆ.

ಭಾನುವಾರ ಮಾವ ಮನೆಗೆ ಬಂದ. ಮನೆ ಅಂದರೆ ಒಂದೇ ಕೋಣೆ, ನಲ್ಲಿ ಹೊರಗೆ. ತಂಗಿ ಟ್ರಂಕಿನ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಅಮ್ಮ ಬಿಸಿನೀರಿನ ಬಟ್ಟಲಲ್ಲಿ ಹೆಬ್ಬೆರಳು ಅದ್ದಿಕೊಂಡು ಕೂತಿದ್ದಳು.

"ಏನಕ್ಕ ಇದು, ನಿಮ್ಮ ಕಡೆಯಿಂದ ಡಬ್ಬಿ ಬಂದು ಬಂದು ಬೀಳ್ತಾ ಇದೆ?" ಮಾವ ಚಹಾ ಊದಿಕೊಂಡು ಕುಡಿದ. "ನಮ್ಮಲ್ಲಿ ಕಾಲಿಡೋಕೆ ಜಾಗ ಇಲ್ಲ. ಸಂಘದವರು ಹೋಗಿ ಗಲಾಟೆ ಮಾಡಿದ್ರು. ಇನ್ನಿಬ್ಬರನ್ನ ತಗೊಳ್ತಾರಂತೆ. ಖಾಯಂ."

"ಹೆಂಗಸರನ್ನಾ?" ಅಂದಳು ಅಮ್ಮ.

ಮಾವ ನಕ್ಕ. "ಅಯ್ಯೋ ಅಕ್ಕ, ಸ್ಕ್ರೂ ಹಾಕೋ ಕೆಲಸ ಅದು."

ಯಾರು ಅವನಿಗೆ ಸ್ಕ್ರೂ ಹಾಕಲು ಕಲಿಸಿದ್ದು ಅಂತ ಕೇಳಲು ತಂಗಿ ಬಾಯಿ ತೆರೆದಳು. ಅಮ್ಮ ಕಣ್ಣಲ್ಲೇ ಸುಮ್ಮನಾಗಿಸಿದಳು.

"ನಿಮ್ಮ ಕಡೆಗೆ ಮುಳ್ಳು ಬರಲ್ವಾ, ಮಾವ?" ಅಂದೆ.

ನಾನು ಮಾತಾಡಿದ್ದಕ್ಕೇ ಮಾವನಿಗೆ ಆಶ್ಚರ್ಯ. "ಬರದೇ ಏನು, ಹೋದ ತಿಂಗಳೇ ಬಂದಿದ್ದ. ಆದ್ರೆ ನಮ್ಮಲ್ಲಿ ಹಿರಿಯರ ಕೈಗೇ ಗಡಿಯಾರ ಹಿಡಿಯೋದು, ಸಂಘದ ಕಟ್ಟು. ಒಬ್ರು ತಾತ ಇದ್ದಾರೆ ನೋಡು, ರಿಟೈರಾಗೋಕೆ ಎರಡು ವರ್ಷ ಇದೆ. ಕನ್ನಡಕ ಒರೆಸ್ಕೊಂಡ್ರು, ಕೆಮ್ಮಿದ್ರು, ನೀರು ಕುಡಿದ್ರು. ಅವರು ಹತ್ತು ಬೋರ್ಡ್ ಮುಗಿಸೋಷ್ಟರಲ್ಲಿ ಮುಳ್ಳಿಗೆ ತೂಕಡಿಕೆ. ಅದೇ ನಮ್ಮ ರೇಟು! ಬಾತ್‌ರೂಮಿಗೆ ಅಂತ ಇಪ್ಪತ್ತು ನಿಮಿಷ ಬೇರೆ ಬಿಟ್ರು."

ಅಮ್ಮ ಬಟ್ಟಲಿಂದ ಕೈ ತೆಗೆದಳು. "ಹಿರಿಯರ ಕೈಗಾ?"

"ಹೂಂ. ಮುದುಕರ ಕೈಲಾಗೋದು ಎಲ್ಲರ ಕೈಲೂ ಆಗುತ್ತೆ, ಅಲ್ವಾ?"

"ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳ ಕೈಗೆ ಹಿಡಿದ್ರಲ್ಲೋ."

"ನೀವು ಕಾಂಟ್ರಾಕ್ಟ್ ಅಲ್ವಾ ಅಕ್ಕ" ಅಂದ ಮಾವ. ಉಪ್ಪು ಉಪ್ಪಗಿರುತ್ತದೆ ಅನ್ನುವಷ್ಟು ಸಹಜವಾಗಿ ಅಂದು, ಲೋಟ ಕೆಳಗಿಟ್ಟ. ಕೆಟ್ಟವನಲ್ಲ ಅವನು. ಹೋಗುವಾಗ ಅಮ್ಮನ ಬೆರಳಿಗೆ ಒಂದು ಮುಲಾಮಿನ ಹೆಸರು ಹೇಳಿ ಹೋದ.

ಮರುದಿನ ಬೆಳಿಗ್ಗೆ ಫ್ಯಾಕ್ಟರಿಯ ನಲ್ಲಿಯ ಹತ್ತಿರ ಸ್ಪ್ರಿಂಗಕ್ಕ ಕೈ ತೊಳೆಯುತ್ತಿದ್ದಳು. ಅವಳು ಒಂದು ವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ಹೋಗಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ತಾತ, ಕನ್ನಡಕ, ಕೆಮ್ಮು, ಇಪ್ಪತ್ತು ನಿಮಿಷ.

ಅವಳು ನಲ್ಲಿ ನಿಲ್ಲಿಸಲಿಲ್ಲ. ನೀರು ಸುರಿಯುತ್ತಲೇ ಇತ್ತು. "ಎಲಾ ಇವರ! ಗಂಡಸರಿಗೆ ಮುದುಕ, ಹೆಂಗಸರಿಗೆ ಹುಡುಗಿ. ಇದೇನು ಮದುವೆ ಸಂಬಂಧ ನೋಡ್ತಾರೇನೇ?"

ಊಟದ ಹೊತ್ತಿಗೆ ನಾಲ್ಕು ಜನ ಮ್ಯಾನೇಜರ ಕೋಣೆಗೆ ಹೋದೆವು. ಸ್ಪ್ರಿಂಗಕ್ಕ ಮುಂದೆ, ಇನ್ನಿಬ್ಬರು ಅವಳ ಹಿಂದೆ, ನಾನು ಎಲ್ಲರ ಬೆನ್ನಿಗೆ. ಒಳಗೆ ಮ್ಯಾನೇಜರು, ಸೂಪರ್‌ವೈಸರು, ಮುಳ್ಳು ಮೂವರೂ ಊಟಕ್ಕೆ ಕೂತಿದ್ದರು. ಮ್ಯಾನೇಜರು ತಲೆಯೆತ್ತಿ "ಏನಮ್ಮ?" ಅಂದದ್ದೇ ತಡ, ಸ್ಪ್ರಿಂಗಕ್ಕನ ಬಾಯಿ ಬತ್ತಿಹೋಯಿತು.

"ಸಾರ್... ಅದು... ನಮ್ಮ ಹುಡುಗೀರು ಏನಂತಾರೆ ಅಂದ್ರೆ..." ಹಾಲಿನಲ್ಲಿ ಇಪ್ಪತ್ತನಾಲ್ಕು ಜನರನ್ನು ನಗಿಸುವವಳು ಸೆರಗಿನ ತುದಿ ಹಿಂಡುತ್ತ ನಿಂತಳು. ಹಿಂತಿರುಗಿ ನನ್ನನ್ನು ನೋಡಿದಳು.

ನನ್ನ ಗಂಟಲಿಂದ ಯಾರದೋ ದನಿ ಬಂತು. "ಆ ಹಾಲಲ್ಲಿ ಹಿರಿಯರ ಕೈಗೆ ಗಡಿಯಾರ ಹಿಡಿದ್ರಂತೆ. ನಮ್ಮಲ್ಲೂ ಹಿರಿಯರ ಕೈಗೆ ಹಿಡೀರಿ ಸಾರ್."

"ಅರೆ, ಬೀಗಕ್ಕೆ ಬಾಯಿ ಬಂತಲ್ಲ!" ಸೂಪರ್‌ವೈಸರು ತುತ್ತು ಕೈಯಲ್ಲೇ ಹಿಡಿದು ನಕ್ಕ.

ಮ್ಯಾನೇಜರು ನಗಲಿಲ್ಲ. ಮುಳ್ಳಿನ ಕಡೆ ನೋಡಿದರು. ಮುಳ್ಳು ಅವರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. "ಸರಿ" ಅಂದರು ಅವರು. "ನಿಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಯಾರು?"

"ನಮ್ಮಮ್ಮ."

"ನಾಳೆ ಹತ್ತು ಗಂಟೆಗೆ, ಟೀ ಹೊತ್ತಲ್ಲಿ. ಎಷ್ಟು ಬರುತ್ತೋ ಅಷ್ಟೇ ರೇಟು. ಆಮೇಲೆ ಒಬ್ರೂ ತುಟಿ ಬಿಚ್ಚಬಾರ್ದು. ಒಪ್ಪಿಗೆ ಅಂತ ಎಲ್ಲರೂ ಸಹಿ ಹಾಕಿಕೊಡಿ."

ಯಾಕೆ ಅಷ್ಟು ಸುಲಭಕ್ಕೆ ಒಪ್ಪಿದರು ಅಂತ ಆಗ ಯೋಚಿಸಲಿಲ್ಲ. ಅಮ್ಮನ ಕೈಯಿಂದ ಏನೇ ಬಂದರೂ ಇಪ್ಪತ್ತನಾಲ್ಕು ಸಹಿ ಅವರ ಕೈಗೆ ಬರುತ್ತಿತ್ತು. ನಾವು ಸಂತೋಷದಿಂದಲೇ ಸಹಿ ಹಾಕಿದೆವು. ಸ್ಪ್ರಿಂಗಕ್ಕ ಅಮ್ಮನ ಗಲ್ಲ ಹಿಡಿದು ಅಲ್ಲಾಡಿಸಿದಳು. "ಅಮ್ಮಾ ತಾಯೀ, ನಾಳೆ ಒಂಬತ್ತು ತಿಂಗಳು ತುಂಬಿದವಳ ನಡಿಗೆ ನಡೀಬೇಕು ನೀನು!"

ಸಂಜೆ ಮನೆಯಲ್ಲಿ ಬೆಂಕಿಪೊಟ್ಟಣ, ಸೇಫ್ಟಿ ಪಿನ್ನು ಇಟ್ಟುಕೊಂಡು ಅಭ್ಯಾಸ ಮಾಡಿಸಿದೆವು. ತಂಗಿ ಮೊಬೈಲಿನಲ್ಲಿ ಟೈಮು ನೋಡಿದಳು.

"ಹನ್ನೊಂದು ನಿಮಿಷ! ಅಮ್ಮ, ಇಷ್ಟು ನಿಧಾನ ಮಾಡಿದ್ರೆ ಆಂಬುಲೆನ್ಸ್ ಕರೀತಾರೆ."

"ನಂಗೇ ಹೇಳಿಕೊಡ್ತೀರೇನೇ? ನಾನು ಹುಟ್ಟಿಸಿದ ನಡಿಗೆ ಅದು." ಅಮ್ಮ ನಕ್ಕಳು. ಎರಡನೇ ಸಲ ಒಂಬತ್ತೂವರೆಗೆ ತಂದು ನಿಲ್ಲಿಸಿದಳು, ದಾರಕ್ಕೆ ಗಂಟು ಹಾಕಿದಷ್ಟು ಕರಾರುವಾಕ್ಕಾಗಿ. ಒಂಬತ್ತೂವರೆ ಬಂದರೆ ಐನೂರೂ ಬೇಡ, ಅದಕ್ಕೂ ಕಮ್ಮಿ. ಬೆರಳು ಉಳಿಯುತ್ತದೆ, ಚೀಟಿ ಬರುತ್ತದೆ.

ಬೆಳಿಗ್ಗೆ ಹತ್ತು ಗಂಟೆಗೆ ನಾವೆಲ್ಲ ಗಾಜಿನ ಕೋಣೆಯ ಹೊರಗೆ ಗುಂಪುಗೂಡಿದೆವು. ಬಾಗಿಲು ತೆರೆದೇ ಇತ್ತು. ಡಬ್ಬಿ ತೆಗೆದುಕೊಂಡು ಹೋಗಲು ಗಾಡಿ ತಳ್ಳಿಕೊಂಡು ಬಂದ ಮಾವ, ಅವನ ಹಾಲಿನ ಇನ್ನೊಬ್ಬ, ಇಬ್ಬರೂ ನೋಡಲು ನಿಂತರು.

"ಕೂತ್ಕೊಳಿ ಅಮ್ಮ" ಅಂದ ಮುಳ್ಳು. ಈ ಸಲ ಗಡಿಯಾರ ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿತ್ತು. "ಹಾಯಾಗಿ ಒರಗಿಕೊಳ್ಳಿ. ಗಾಬರಿ ಏನಿಲ್ಲ. ವಯಸ್ಸಾದೋರು, ಆದಷ್ಟು ಮಾಡಿ."

"ನಿಧಾನಕ್ಕೇ ಮಾಡ್ಲಿ ಬಿಡಿ" ಅಂದ ಸೂಪರ್‌ವೈಸರು. "ಅವರ ಕೈಲಿ ಇನ್ನೇನು ಉಳಿದಿದೆ."

ಮಾವನ ಪಕ್ಕದವನು ಕೇಳಿದ. "ನಿಮ್ಮಕ್ಕನಾ? ಪಾಪ."

ಮಾವ ನೆಲ ನೋಡಿದ. ಅಮ್ಮ ಅವನು ನೆಲ ನೋಡಿದ್ದನ್ನು ನೋಡಿದಳು. 'ಪಾಪ' ಅಂದದ್ದು ಅವಳಿಗೆ ಕೇಳಿಸಿತು ಅಂತ ನನಗೆ ಗೊತ್ತಾಯಿತು, ಯಾಕೆಂದರೆ ಕುರ್ಚಿಯ ಬೆನ್ನಿಗೆ ಒರಗಿದ್ದವಳು ನೆಟ್ಟಗೆ ಕೂತಳು.

ಮೊದಲನೆಯ ಸ್ವಿಚ್ಚು ಬಸುರಿ ನಡಿಗೆಯಲ್ಲೇ ಮುಗಿಯಿತು. ಸ್ಪ್ರಿಂಗಕ್ಕ ನನ್ನ ತೋಳು ಚಿವುಟಿ "ಆಹಾ, ನೋಡೇ" ಅಂದಳು. ಎರಡನೆಯದಕ್ಕೆ ಸ್ಪ್ರಿಂಗು ಬೆರಳಿನಿಂದ ಜಾರಿ ಮೇಜಿನ ಮೇಲೆ ಹಾರಿತು. ಸೂಪರ್‌ವೈಸರು ಲೊಚಗುಟ್ಟಿದ. ಅಮ್ಮ ಆ ಸ್ಪ್ರಿಂಗನ್ನು ಗಾಳಿಯಲ್ಲೇ ಅನ್ನುವ ಹಾಗೆ ಹಿಡಿದಳು. ಟಕ್.

ಆಮೇಲೆ ಕೈ ಬದಲಾಯಿತು. ನಾನು ಚಿಕ್ಕವಳಿದ್ದಾಗ ಅಮ್ಮ ಇಲ್ಲಿಗೆ ಸೇರಿದ ಹೊಸತರಲ್ಲಿ ಮನೆಗೆ ಬಂದು, ಹೀಗೆ ಮಾಡ್ತೀವಿ ಕಣೇ ಅಂತ ಬರಿಗೈಯಲ್ಲಿ ಮಾಡಿ ತೋರಿಸುತ್ತಿದ್ದಳು. ಆ ಕೈ. ಎಡಗೈ ಡಬ್ಬಿಯನ್ನು ತಂದು ಇಡುವ ಮೊದಲೇ ಬಲಗೈಯಲ್ಲಿ ಹಿತ್ತಾಳೆ ಸಿದ್ಧ. ಟಕ್. ಕಣ್ಣು ಮೇಜಿನ ಮೇಲಿಲ್ಲ, ಎದುರಿನ ಗೋಡೆಯ ಮೇಲೆ. ಟಕ್. ಟಕ್.

"ಏನಾಯ್ತೇ ನಿಮ್ಮಮ್ಮಂಗೆ?" ಸ್ಪ್ರಿಂಗಕ್ಕ ಪಿಸುಗುಟ್ಟಿದಳು. ಆಮೇಲೆ ಜೋರಾಗಿಯೇ ಕೂಗಿದಳು. "ಅಯ್ಯೋ, ಸೊಂಟ ನೋವು ಕಣ್ರೇ! ಸೊಂಟ!"

ಅಮ್ಮ ತಿರುಗಿ ನೋಡಲಿಲ್ಲ. ನಾನು ಅಂಗೈಯಿಂದ ಗಾಜು ಬಡಿದೆ. ಸೂಪರ್‌ವೈಸರು ಬೆರಳೆತ್ತಿ ಗದರಿಸಿದ. ಟಕ್. ಟಕ್.

"ಏಳು ನಿಮಿಷ, ಹತ್ತು ಸೆಕೆಂಡು" ಅಂದ ಮುಳ್ಳು.

ಮಾವ ಚಪ್ಪಾಳೆ ತಟ್ಟಿದ. ನಿಜವಾಗಿಯೂ ತಟ್ಟಿದ. ಮುಖ ಅರಳಿತ್ತು. ಪಕ್ಕದವನ ಭುಜಕ್ಕೆ ಗುದ್ದಿ "ನೋಡಿದ್ಯಾ ನಮ್ಮಕ್ಕನ್ನ?" ಅಂದ. ಅಮ್ಮ ಅವನ ಕಡೆ ನೋಡಿ ನಕ್ಕಳು. ಹಾಗೆ ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಆಮೇಲೆ ಅವಳ ಕಣ್ಣು ಗಾಜಿನಾಚೆ ನಿಂತಿದ್ದ ನಮ್ಮ ಇಪ್ಪತ್ತಮೂರು ಮುಖಗಳ ಮೇಲೆ ಬಿತ್ತು.

"ಹತ್ತು ಸೆಕೆಂಡ್ ನಮ್ಮ ಕಡೆಯಿಂದ ಮಾಫಿ ಬಿಡಿ" ಅಂದ ಸೂಪರ್‌ವೈಸರು, ಕಾಗದ ಮಡಚುತ್ತ. "ಏಳು ನಿಮಿಷವೇ ಇರ್ಲಿ. ಆರುನೂರ ನಲವತ್ತು. ನಿಮ್ಮ ಹಿರಿಯರದ್ದೇ ಕೈ. ಸಹಿನೂ ನಿಮ್ಮದೇ."

ಯಾರೂ ಅಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎಲ್ಲರೂ ಸ್ಟೂಲಿಗೆ ಹೋಗಿ ಕೂತರು. ಅಮ್ಮ ನೀರಿನ ಲೋಟ ಎತ್ತಲು ಹೋದಳು. ಹೆಬ್ಬೆರಳು ಹಿಡಿತಕ್ಕೆ ಬರಲಿಲ್ಲ. ಎಡಗೈಯಿಂದ ಕುಡಿದಳು.

ಮನೆಗೆ ಹೋಗುವ ದಾರಿಯಲ್ಲಿ ಲಾರಿ ನಿಲ್ಲಿಸುವ ಬಯಲು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಯಾಕಮ್ಮ ಹಾಗ್ಮಾಡಿದೆ?"

"ಪಾಪ ಅಂದ ಕಣೇ ಅವನು."

"ಅಂದ್ರೆ ಅಂದ್ಕೊಳ್ಳಲಿ! ಅವನು ಪಾಪ ಅಂದಿದ್ರೆ ನಮ್ಮ ಗಂಟೇನು ಹೋಗ್ತಿತ್ತು? ಐನೂರು ಉಳೀತಿತ್ತು. ನಿನ್ನ ಚೀಟಿ ಉಳೀತಿತ್ತು."

"ಗೊತ್ತು."

"ಗೊತ್ತಿದ್ದೂ ಮಾಡಿದ್ಯಾ?"

ಅಮ್ಮ ನಿಂತಳು. "ಹನ್ನೊಂದು ವರ್ಷ ಕಣೇ. ಒಬ್ರಾದ್ರೂ ಬಂದು ನನ್ನ ಕೈ ನೋಡಿದ್ರಾ? ಇವತ್ತು ಮೊದಲ ಸಲ ನೋಡೋಕೆ ಅಂತ ನಿಂತ್ರು. ತಮ್ಮ ಬೇರೆ ನಿಂತಿದ್ದ. ಅಷ್ಟು ಜನರ ಮುಂದೆ ಕೈಲಾಗದವಳು ಅಂತ ತೋರಿಸ್ಲಾ?"

"ತೋರಿಸ್ಬೇಕಿತ್ತು."

"ನೀನು ತೋರಿಸಿದ್ಯಾ?"

ನನ್ನ ಸಿಟ್ಟು ಹಾಗೇ ಇತ್ತು. ಅಮ್ಮನ ಮೇಲೋ, ಮುಳ್ಳಿನ ಮೇಲೋ, ಚಪ್ಪಾಳೆ ತಟ್ಟಿದ ಮಾವನ ಮೇಲೋ ನನಗೇ ಗೊತ್ತಾಗಲಿಲ್ಲ. ಮನೆ ಬರುವ ತನಕ ಅಮ್ಮನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ.

ಮರುದಿನ ಅಮ್ಮನದು ನಾನೂರ ಮೂವತ್ತು. ಅದರ ಮರುದಿನ ನಾನೂರು. ಹೆಬ್ಬೆರಳಿನಲ್ಲಿ ಒತ್ತಲಾಗದೆ ಅಂಗೈಯ ಬುಡದಿಂದ ಒತ್ತುತ್ತಿದ್ದಳು, ಗುಂಡಿ ಓರೆಯಾಗಿ ಕೂರುತ್ತಿತ್ತು. ಮುಲಾಮು ತಂದೆವು. ಬಟ್ಟೆ ಸುತ್ತಿದೆವು. ಏನೂ ಆಗಲಿಲ್ಲ.

ತಿಂಗಳ ಕೊನೆಯ ಶನಿವಾರ ಚೀಟಿ ಹಂಚಿದರು. ಐದು ಜನಕ್ಕೆ ಬರಲಿಲ್ಲ. ಅಮ್ಮ ಅವರಲ್ಲಿ ಒಬ್ಬಳು. ನಾನು ಸೂಪರ್‌ವೈಸರ ಮೇಜಿನ ಮುಂದೆ ಹೋಗಿ ನಿಂತೆ. "ಅಮ್ಮಂಗೆ ಬೆರಳು ನೋವು ಸಾರ್. ಅವತ್ತು ಹಠಕ್ಕೆ ಮಾಡಿದ್ದು. ದಿನಾ ಆಗಲ್ಲ."

"ನೋಡು ಬೀಗ" ಅಂದ ಅವನು, ಪ್ರೀತಿಯಿಂದಲೇ. "ಕೈಲಾಗಲ್ಲ ಅಂದಿದ್ರೆ ಮ್ಯಾನೇಜರ ಹತ್ರ ನಾನೇ ಒಂದು ಮಾತು ಹೇಳ್ತಿದ್ದೆ. ಏಳು ನಿಮಿಷದಲ್ಲಿ ಹತ್ತು ಮಾಡೋರು ದಿನಕ್ಕೆ ನಾನೂರು ಮಾಡ್ತಾರೆ ಅಂದ್ರೆ ಏನರ್ಥ? ನಾವೇ ಕಣ್ಣಾರೆ ನೋಡಿದೀವಲ್ಲ. ಅದು ನೋವಲ್ಲಮ್ಮ, ಮೈಗಳ್ಳತನ."

ಮೈಗಳ್ಳತನ. ಅಮ್ಮ ನನ್ನ ಹಿಂದೆಯೇ ನಿಂತಿದ್ದಳು. ನಾನು ತಿರುಗಿ ನೋಡಲಿಲ್ಲ.

ನನ್ನ ಚೀಟಿಯನ್ನು ಅವನು ಮುಂದಕ್ಕೆ ತಳ್ಳಿ ಪೆನ್ನು ಕೊಟ್ಟ. ಅದರ ಮೇಲೂ 'ಹೊಸದಾಗಿ ಸೇರಿದವರು'. ಹರಿದು ಅವನ ಮುಖಕ್ಕೆ ಎಸೆದು ಹೋಗುವುದು ಹೇಗಿರುತ್ತದೆ ಅಂತ ನೋಡಿದೆ, ಮನಸ್ಸಿನಲ್ಲಿ. ಮನೆಯಲ್ಲಿ ಮೂರು ತಟ್ಟೆ ಇವೆ.

"ಹಾಕು" ಅಂದಳು ಅಮ್ಮ ಹಿಂದಿನಿಂದ.

ಹಾಕಿದೆ.

ಗೇಟಿನಲ್ಲಿ ಸ್ಪ್ರಿಂಗಕ್ಕ ಅಮ್ಮನ ಕಡೆ ನೋಡದೆ ದಾಟಿಹೋದಳು. ಅವಳಿಗೆ ಚೀಟಿ ಸಿಕ್ಕಿತ್ತು. ತಿರುವಿನ ತನಕ ಹೋದವಳು ವಾಪಸ್ಸು ಬಂದು ಅಮ್ಮನ ಬಟ್ಟೆ ಸುತ್ತಿದ ಕೈ ಹಿಡಿದುಕೊಂಡಳು. ಏನಾದರೂ ತಮಾಷೆ ಹೇಳುತ್ತಾಳೆ ಅಂದುಕೊಂಡೆ. ಏನೂ ಹೇಳದೆ ಬಿಟ್ಟು ಹೋದಳು.

ಕೆಲಸ ಬಿಟ್ಟವರು ಫ್ಯಾಕ್ಟರಿಯವರು ಹಾಕಿಕೊಳ್ಳಲು ಕೊಟ್ಟಿದ್ದ ನೀಲಿ ಕೋಟನ್ನು ಒಗೆದು ವಾಪಸ್ಸು ಕೊಡಬೇಕು. ಭಾನುವಾರ ಅಮ್ಮ ಎಡಗೈಯಲ್ಲೇ ಅದನ್ನು ಒಗೆದಳು. ಹಿಂಡಿಕೊಡುತ್ತೇನೆ ಅಂದರೂ ಕೊಡಲಿಲ್ಲ. ಒಣಗಿದ ಮೇಲೆ ಹಾಸಿಗೆಯ ಕೆಳಗೆ ಇಟ್ಟು ಮಡಿಕೆ ಕೂರಿಸಿದಳು. ಸೋಮವಾರ ಬೆಳಿಗ್ಗೆ ನಾನು ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಒಬ್ಬಳೇ ಹೋದೆ.

ಸೂಪರ್‌ವೈಸರು ಕೋಟು ಬಿಚ್ಚಿ, ಕಾಲರು ನೋಡಿ, ಜೇಬಿನೊಳಗೆ ಕೈ ಹಾಕಿ ನೋಡಿದ. "ಚೆನ್ನಾಗಿ ಇಟ್ಕೊಂಡಿದ್ದಾರೆ" ಅಂದ. ಆಮೇಲೆ ಏನೋ ನೆನಪಾದವನಂತೆ, "ನಿಂಗೊಬ್ಬಳು ತಂಗಿ ಇದ್ದಾಳಲ್ವಾ? ಹದಿನೆಂಟಾಯ್ತಾ?"

ನಾನು ಕೋಟು ಸುತ್ತಿದ್ದ ಪೇಪರು ಮಡಚತೊಡಗಿದೆ.

"ನಿನ್ನ ಥರಾನೇ ಕೈ ಇರ್ಬೇಕಲ್ಲ. ಕಳಿಸು. ಜಾಗ ಖಾಲಿ ಇದೆ, ಹೊರಗಿನೋರಿಗೆ ಯಾಕೆ ಕೊಡೋಣ. ಈ ಕೋಟು ಅವಳಿಗೆ ಸರಿಹೋಗುತ್ತೆ."

"ಅವಳು ಬರಲ್ಲ ಸಾರ್."

ಅವನಿಗೆ ಕೇಳಿಸಲಿಲ್ಲವೋ ಏನೋ. ಇನ್ನೊಂದು ಸಲ ಹೇಳಿದೆ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ. "ನಮ್ಮ ತಂಗಿ ಬರಲ್ಲ."

"ನೋಡೋಣ, ನೋಡೋಣ" ಅಂದ ಅವನು. ಕೋಟನ್ನು ಬೇರೆ ಕೋಟುಗಳ ಜೊತೆ ಸೇರಿಸದೆ, ಕಪಾಟಿನ ಮೇಲಿನ ಅರೆಯಲ್ಲಿ ಬೇರೆಯಾಗಿ ಇಟ್ಟು ಬಾಗಿಲು ಹಾಕಿದ.